ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು

ಕಳೆದ ನವರಾತ್ರಿಯ ಒಂದು ಸಂಜೆ ಭರಮಸಾಗರದ ನಮ್ಮ ಮನೆಯಲ್ಲಿ ಆಕಾಶವಾಣಿಯಿಂದ ಮೋಹನಕಲ್ಯಾಣಿ ರಾಗದ ಕನ್ನಡ ಕೃತಿಯೊಂದು ಕೇಳಿಬಂದಿತು. ಅದನ್ನು ರಚಿಸಿದವರು ತಮಿಳುನಾಡಿನ ಮುತ್ತಯ್ಯ ಭಾಗವತರೆಂದು ತಿಳಿದೊಡನೆ ಜೊತೆಗಿದ್ದ ಸಹಪಾಠಿಯು, ಹಾಗಾದರೆ ಅವರು ನಮ್ಮವರಲ್ಲವೆಂದುಬಿಟ್ಟನು. ಮನೆಯಲ್ಲಿ ತೆಲುಗನ್ನೂ ಕಾಲೇಜಿನಲ್ಲಿ ಕನ್ನಡವನ್ನೂ ಆಡುವ ನನಗೆ ಆ ಮಾತು ಸ್ವಲ್ಪ ನೋವನ್ನೇ ಉಂಟುಮಾಡಿತು. ಆಗ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಭಾಗವತರು ಹುಟ್ಟಿದುದು 1877ರಲ್ಲಿ, ತಿರುನೆಲ್ವೇಲಿ ಸೀಮೆಯಲ್ಲಿ. ಆರನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಸೋದರಮಾವನು ಸಂಸ್ಕೃತವನ್ನು ಕಲಿಸಲೆಳಸಿದನು. ಹುಡುಗನ ಮನಸ್ಸೋ ಸಂಗೀತದಲ್ಲಿ! ಗುರುವನ್ನರಸುತ್ತ ಹೊರಟು, ತಿರುವಾರೂರಿನಲ್ಲಿ ಸಾಂಬಶಿವ ಅಯ್ಯರವರ ಬಳಿ ಒಂಬತ್ತು ವರ್ಷ ಶಿಷ್ಯವೃತ್ತಿ ಮಾಡಿದನು. ಮುಂದೆ ಗಾಯಕರಾಗಿ, ಹರಿಕಥಾ ವಿದ್ವಾಂಸರಾಗಿ ದಕ್ಷಿಣದೇಶದಲ್ಲೆಲ್ಲ ಪ್ರಸಿದ್ಧರಾದರು.

1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡರು. ಮಹಾರಾಜರ ಇಷ್ಟದಂತೆ ಚಾಮುಂಡೇಶ್ವರಿಯ ಮೇಲೆ 108 ಕೃತಿಗಳು ಕನ್ನಡದಲ್ಲಿ ಸಿದ್ಧವಾದುವು. ಸಾಹಿತ್ಯಕ್ಕೆ ದೇವೋತ್ತಮ ಜೋಯಿಸರ ನೆರವಿತ್ತು. ಇದನ್ನು ಕೇಳಿ ನನ್ನ ಮಿತ್ರನು ಗೆದ್ದೆನೆಂದುಕೊಂಡನು. ಆದರೆ ಯಾವ ಅಕ್ಷರವನ್ನು ಎಳೆಯಬೇಕು, ಯಾವುದನ್ನು ಥಟ್ಟನೆ ಬಿಡಬೇಕೆಂಬುದನ್ನು ಭಾಷೆಯೊಳಗೆ ಹೊಕ್ಕವನಲ್ಲದೆ ಬೇರೆಯವನು ಬಲ್ಲನೆ? ನಡುವಯಸ್ಸಿನಲ್ಲಿ, ಐವತ್ತರ ಹೊಸ್ತಿಲಲ್ಲಿ ಬಂದವರು ಅದನ್ನು ಕಲಿತರು.

ಹೊಸ ರಾಗಗಳನ್ನು ಕಲ್ಪಿಸುವುದರಲ್ಲಿ ಅವರದು ಅಪಾರ ಉತ್ಸಾಹ. ನಿರೋಷ್ಠ ರಾಗದಲ್ಲಿ ಮ, ಪ ಎಂಬ ಸ್ವರಗಳಿಲ್ಲ. ವಾಚಕರು ಸ ರಿ ಗ ದ ನಿ ಎಂದು ಹೇಳಿ ನೋಡಲಿ, ತುಟಿಗಳು ಕೂಡುವುದೇ ಇಲ್ಲ. ಅದಕ್ಕೆ ಅವರು ಹೊಂದಿಸಿದ ಸಾಹಿತ್ಯದಲ್ಲಿಯೂ ಓಷ್ಠ್ಯಾಕ್ಷರಗಳಿಲ್ಲ. ಇದು ಚಮತ್ಕಾರವೆಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಮೋಹನಕಲ್ಯಾಣಿಯ ಮಾತೇ ಬೇರೆ: ಏರುವಾಗ ಮೋಹನ, ಇಳಿಯುವಾಗ ಕಲ್ಯಾಣಿ. ನಮ್ಮ ಹಳ್ಳಿಯ ಕಿವಿಗೂ ಅದು ಒಗ್ಗುತ್ತದೆ.

ಬಳಿಕ ತಿರುವಾಂಕೂರಿನಲ್ಲಿ ಸ್ವಾತಿ ತಿರುನಾಳರ ಕೃತಿಗಳನ್ನು ಬೆಳಕಿಗೆ ತರುವ ಕಾರ್ಯದಲ್ಲಿ ತೊಡಗಿ, 1939ರಲ್ಲಿ ತಿರುವನಂತಪುರದ ಸಂಗೀತಶಾಲೆಯ ಪ್ರಥಮ ಪ್ರಾಂಶುಪಾಲರಾದರು. ಸಂಗೀತ ಕಲ್ಪದ್ರುಮವೆಂಬ ಗ್ರಂಥಕ್ಕಾಗಿ 1943ರಲ್ಲಿ ತಿರುವಾಂಕೂರು ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯನ್ನಿತ್ತಿತು. ತಿರುನೆಲ್ವೇಲಿಯಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ಮನ್ನಣೆ ಪಡೆದ ಅವರು 1945ರಲ್ಲಿ ಕಣ್ಣು ಮುಚ್ಚಿದುದು ಮೈಸೂರಿನಲ್ಲಿ.

ನನ್ನ ಮಿತ್ರನು ಇನ್ನೂ ಒಪ್ಪಿಲ್ಲ. ಆದರೆ ಮೊನ್ನೆ ಕೆರೆಯ ಏರಿಯ ಮೇಲೆ ನಡೆಯುವಾಗ ಆ ಕೃತಿಯನ್ನೇ ಗುನುಗುತ್ತಿದ್ದನು.