ಇಂಜಿನ್ ಮುಂದಿನ ಡ್ಯಾಂಪರ್ ಬರೀ ಪುಲ್ಲಿಯೇ? ಲ್ಯಾಂಚೆಸ್ಟರ್ ಬದುಕಿನಲ್ಲಿದೆ ಉತ್ತರ

ಡೀಸೆಲ್ ಲಾರಿಯ ಇಂಜಿನ್ ಮುಂಭಾಗದಲ್ಲಿ, ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲಿ, ದಪ್ಪನೆಯ ದುಂಡು ಚಕ್ರವೊಂದು ಇರುತ್ತದೆ. ಅದು ಬೆಲ್ಟ್ ತಿರುಗಿಸುವ ಪುಲ್ಲಿ ಅಷ್ಟೇ, ತುಕ್ಕು ಹಿಡಿದು ಕಚ್ಚಿಕೊಂಡರೆ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಅಥವಾ ಗ್ಯಾಸ್‌ನಲ್ಲಿ ಕಾಯಿಸಿ ಬಿಚ್ಚಬಹುದು, ಹೊಸದು ಸಿಗದಿದ್ದರೆ ಹಳೆಯದನ್ನೇ ಮತ್ತೆ ಕೂರಿಸಿ ಓಡಿಸಬಹುದು ಎಂಬ ಸಲಹೆ ಗ್ಯಾರೇಜಿನಿಂದ ಮೊಬೈಲಿಗೆ, ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿರುತ್ತದೆ.

ಇದು ನಿಜವೇ? ಅಲ್ಲ. ಆ ಚಕ್ರ ವೈಬ್ರೇಷನ್ ಡ್ಯಾಂಪರ್. ಬೆಲ್ಟ್ ಓಡಿಸುವುದು ಅದರ ಉಪಕೆಲಸ ಮಾತ್ರ. ಕ್ರ್ಯಾಂಕ್‌ಶಾಫ್ಟ್ ಮುರಿಯದಂತೆ ಕಾಯುವುದೇ ಅದರ ಮುಖ್ಯ ಕೆಲಸ. ಅದು ಹೇಗೆ ಎಂದು ತಿಳಿಯಬೇಕಾದರೆ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದನ್ನು ಯೋಚಿಸಿದ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರ ಬದುಕನ್ನು ನೋಡಬೇಕು.

ಕಂಪನದ ಬೆನ್ನು ಹತ್ತಿದ ಹುಡುಗ

ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನ ಲೂಯಿಶಂನಲ್ಲಿ. ತಂದೆ ಕಟ್ಟಡ ವಿನ್ಯಾಸಕಾರರು. ಲ್ಯಾಂಚೆಸ್ಟರ್ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ವಿಜ್ಞಾನ ಓದಿದರು, ಆದರೆ ಪದವಿ ಪಡೆಯದೆ ಹೊರಬಂದರು. ನಂತರ ಬರ್ಮಿಂಗ್‌ಹ್ಯಾಮ್‌ನ ಗ್ಯಾಸ್ ಇಂಜಿನ್ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿ, ಅಲ್ಲಿಯೇ ಇಂಜಿನ್ನಿನ ಒಳಹೊರಗನ್ನು ಕಲಿತರು.

1896ರಲ್ಲಿ ಅವರ ಮೊದಲ ಪೆಟ್ರೋಲ್ ಕಾರು ರಸ್ತೆಗಿಳಿಯಿತು. ಅದರಲ್ಲಿದ್ದದ್ದು ಒಂದೇ ಸಿಲಿಂಡರ್, ಹಾಗಾಗಿ ನಡುಕ ಜಾಸ್ತಿ. ಲ್ಯಾಂಚೆಸ್ಟರ್ ಆ ಇಂಜಿನ್ ಬಿಟ್ಟು ಎರಡು ಸಿಲಿಂಡರಿನ ಹೊಸ ಇಂಜಿನ್ ಮಾಡಿದರು. ಅದರಲ್ಲಿ ಎರಡು ಕ್ರ್ಯಾಂಕ್‌ಶಾಫ್ಟ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿದರು. ಒಂದರ ಕುಲುಕಾಟವನ್ನು ಇನ್ನೊಂದು ಕಳೆಯಿತು. ನಡುಕವನ್ನು ಸಹಿಸಿಕೊಳ್ಳುವ ಬದಲು ಅದರ ಕಾರಣ ಹುಡುಕಿ ತೆಗೆಯುವ ಈ ಹಟ ಅವರಿಗೆ ಕೊನೆಯವರೆಗೂ ಇತ್ತು.

1899ರಲ್ಲಿ ತಮ್ಮಂದಿರ ಜೊತೆ ಸೇರಿ ಕಾರು ಕಂಪನಿ ಕಟ್ಟಿದರು. 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಆದರೆ ಬಂಡವಾಳ ಸಾಲದೆ 1904ರಲ್ಲಿ ಕಂಪನಿ ಸಾಲಗಾರರ ಕೈಗೆ ಹೋಯಿತು. ಅದನ್ನು ಹೊಸ ಹೆಸರಿನಲ್ಲಿ ಮತ್ತೆ ಕಟ್ಟಬೇಕಾಯಿತು.

ಕಣ್ಣಿಗೆ ಕಾಣದ ತಿರುಚಾಟ

ಅದೇ ಕಾಲದಲ್ಲಿ ಆರು ಸಿಲಿಂಡರಿನ ಇಂಜಿನ್‌ಗಳು ಬಂದವು. ಸಿಲಿಂಡರ್ ಹೆಚ್ಚಾದರೆ ಓಟ ನಯವಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಆದರೆ ಕೆಲವು ವೇಗಗಳಲ್ಲಿ ಇಂಜಿನ್ ವಿಚಿತ್ರವಾಗಿ ಗದಗದಿಸುತ್ತಿತ್ತು. ಗಟ್ಟಿ ಉಕ್ಕಿನ ಕ್ರ್ಯಾಂಕ್‌ಶಾಫ್ಟ್‌ಗಳೂ ಮುರಿಯುತ್ತಿದ್ದವು.

1909ರಿಂದ ಡೈಮ್ಲರ್ ಕಂಪನಿಯ ಸಲಹೆಗಾರರಾಗಿದ್ದ ಲ್ಯಾಂಚೆಸ್ಟರ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅವರು ಕಂಡುಕೊಂಡದ್ದು ಇದು: ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಸಿಲಿಂಡರಿನಲ್ಲಿ ಪ್ರತಿ ಸಲ ಇಂಧನ ಹೊತ್ತಿಕೊಂಡಾಗಲೂ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದಿಷ್ಟು ತಿರುಚಿ ಮತ್ತೆ ಬಿಚ್ಚಿಕೊಳ್ಳುತ್ತದೆ.

ಲೆಕ್ಕ ನೋಡಿ. ಆರು ಸಿಲಿಂಡರಿನ ಡೀಸೆಲ್ ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು. ಸುತ್ತಿಗೆ 3 ಸಲ ಉರಿಯುವುದರಿಂದ ಸೆಕೆಂಡಿಗೆ 75 ತಳ್ಳು, ಗಂಟೆಗೆ 2,70,000 ತಳ್ಳು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಸಣ್ಣ ತಳ್ಳಿಗೂ ಅದು ಎತ್ತರಕ್ಕೆ ಹೋಗುತ್ತದಲ್ಲ, ಹಾಗೆಯೇ ಕೆಲವು ವೇಗಗಳಲ್ಲಿ ಈ ತಳ್ಳುಗಳ ಲಯ ಶಾಫ್ಟಿನ ಸ್ವಂತ ಲಯಕ್ಕೆ ಕೂಡಿಬರುತ್ತದೆ. ಆಗ ತಿರುಚಾಟ ಬೆಳೆಯುತ್ತಾ ಹೋಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವಂತೆ, ಉಕ್ಕಿನಲ್ಲೂ ಸಣ್ಣ ಬಿರುಕು ಹುಟ್ಟಿ ಒಂದು ದಿನ ಮುರಿಯುತ್ತದೆ.

ಕೊಬ್ಬರಿಯಲ್ಲಿ ಅಡಗಿರುವ ಪರಿಹಾರ

ಲ್ಯಾಂಚೆಸ್ಟರ್ ಪರಿಹಾರ ಸರಳವಾಗಿತ್ತು. ಕ್ರ್ಯಾಂಕ್ ತುದಿಯಲ್ಲಿ ಎಣ್ಣೆ ತುಂಬಿದ ಡಬ್ಬಿ, ಅದರೊಳಗೆ ಸ್ವತಂತ್ರವಾಗಿ ತಿರುಗಬಲ್ಲ ಭಾರದ ಚಕ್ರ. ಶಾಫ್ಟ್ ಸಮವಾಗಿ ತಿರುಗುವಾಗ ಎರಡೂ ಒಟ್ಟಿಗೆ ಸುತ್ತುತ್ತವೆ. ಶಾಫ್ಟ್ ಥಟ್ಟನೆ ತಿರುಚಿದಾಗ ಒಳಗಿನ ಭಾರ ಹಿಂದೆ ಉಳಿಯುತ್ತದೆ. ನಡುವಿನ ಎಣ್ಣೆ ಉಜ್ಜಾಡಿ, ತಿರುಚಾಟದ ಶಕ್ತಿ ಶಾಖವಾಗಿ ಹೋಗುತ್ತದೆ. ಹೆಚ್ಚು ಕಡಿಮೆ ಇದೇ ಹೊತ್ತಿನಲ್ಲಿ ರೋಲ್ಸ್ ರಾಯ್ಸ್‌ನ ಹೆನ್ರಿ ರಾಯ್ಸ್ ಕೂಡ ತಮ್ಮದೇ ದಾರಿಯಲ್ಲಿ ಇಂಥ ಸಾಧನ ಮಾಡಿದ್ದರು. ಎಣ್ಣೆ ಬಳಸುವ ಡ್ಯಾಂಪರಿಗೆ ಲ್ಯಾಂಚೆಸ್ಟರ್ ಹೆಸರು ಉಳಿಯಿತು.

ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಮುತ್ತಲಿನವರಿಗೆ ಇದನ್ನು ವಿವರಿಸುವುದು ಸುಲಭ. ಅದು ತೆಂಗಿನ ಸೀಮೆ. ಚೆನ್ನಾಗಿ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಲೊಟಲೊಟ ಅನ್ನುತ್ತದೆ. ಹಸಿ ಕಾಯಿಯಲ್ಲಿ ತಿರುಳು ಚಿಪ್ಪಿಗೆ ಅಂಟಿರುತ್ತದೆ. ಒಳ್ಳೆಯ ಡ್ಯಾಂಪರಿನ ಭಾರ ಉಂಡೆ ಕೊಬ್ಬರಿಯಂತೆ ಬಿಡಿಯಾಗಿರಬೇಕು. ಸುತ್ತ ಗಟ್ಟಿ ದ್ರವ ಇರುವುದರಿಂದ ಸದ್ದು ಮಾತ್ರ ಬರುವುದಿಲ್ಲ. ಅದು ಹಸಿ ಕಾಯಿಯಂತೆ ಅಂಟಿಕೊಂಡರೆ ಡ್ಯಾಂಪರ್ ಇದ್ದೂ ಇಲ್ಲದಂತೆ.

ಇಂದಿನ ಲಾರಿಗಳಲ್ಲಿ ಎರಡು ಬಗೆಯ ಡ್ಯಾಂಪರ್ ಸಾಮಾನ್ಯ. ಒಂದರಲ್ಲಿ ಒಳಗಿನ ಹಬ್ ಮತ್ತು ಹೊರಗಿನ ಭಾರದ ಬಳೆಯ ನಡುವೆ ರಬ್ಬರ್ ಇರುತ್ತದೆ. ಇನ್ನೊಂದು ಲ್ಯಾಂಚೆಸ್ಟರ್ ಮಾದರಿಯದು. ಅದರಲ್ಲಿ ಎಣ್ಣೆಯ ಬದಲು ಗಟ್ಟಿಯಾದ ಸಿಲಿಕೋನ್ ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಆ ದ್ರವ ಹೆಪ್ಪುಗಟ್ಟಬಹುದು, ರಬ್ಬರ್ ಸೀಳಬಹುದು.

ಹಾಗಾದರೆ ಸುತ್ತಿಗೆ ಏಕೆ ಬೇಡ?

ದ್ರವ ತುಂಬಿದ ಡ್ಯಾಂಪರಿನ ಡಬ್ಬಿಗೂ ಒಳಗಿನ ಬಳೆಗೂ ನಡುವೆ ಇರುವುದು ಬಹಳ ಸಣ್ಣ ಸಂದು. ಒಂದು ಏಟಿಗೆ ಡಬ್ಬಿ ತಗ್ಗಿದರೆ ಬಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಕಾಣುವುದು ಸಣ್ಣ ತಗ್ಗು ಮಾತ್ರ. ಏಟಿನ ಪೆಟ್ಟು ಕ್ರ್ಯಾಂಕ್ ಮೂಲಕ ಥ್ರಸ್ಟ್ ಬೇರಿಂಗ್‌ಗೂ ತಾಗುತ್ತದೆ. ಬೆಂಕಿ ಹಿಡಿದರೆ ರಬ್ಬರ್ ಹಾಳಾಗುತ್ತದೆ, ಮುಚ್ಚಿದ ಡಬ್ಬಿಯೊಳಗೆ ಒತ್ತಡ ಏರಿ ಸಿಡಿಯುವ ಅಪಾಯವೂ ಇದೆ.

ಕಚ್ಚಿಕೊಂಡ ಡ್ಯಾಂಪರ್ ತೆಗೆಯುವ ಸರಿಯಾದ ಕ್ರಮ ಹೀಗಿದೆ:

• ಇಂಜಿನ್ ಆರಿದ ಮೇಲೆ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿ ಕೇಬಲ್ ಬಿಚ್ಚಿ. ಬೆಲ್ಟ್ ತೆಗೆಯಿರಿ, ಫ್ಯಾನ್ ಅಡ್ಡವಿದ್ದರೆ ಅದನ್ನೂ ತೆಗೆಯಿರಿ.
• ಹಬ್ ಕೂತಿರುವ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸಮಯ ಕೊಡಿ. ರಬ್ಬರಿಗೆ ಎಣ್ಣೆ ತಾಗಬಾರದು.
• ಬೋಲ್ಟ್ ಬಿಚ್ಚಿದ ಮೇಲೂ ಬಾರದಿದ್ದರೆ, ಹಬ್‌ನಲ್ಲಿರುವ ಮರೆ ತೂತುಗಳಿಗೆ ಪುಲ್ಲರ್ ಹಾಕಿ ನಿಧಾನ ಎಳೆಯಿರಿ. ಹೊರಗಿನ ಬಳೆಗೆ ಕೊಕ್ಕೆ ಹಾಕಿ ಎಳೆಯಬೇಡಿ.
• ಹೊಸದನ್ನು ಬಡಿದು ಕೂರಿಸಬೇಡಿ. ಆ ಇಂಜಿನ್ನಿನ ಕೈಪಿಡಿ ಹೇಳಿದಷ್ಟೇ ಬಿಗಿ ಕೊಡಿ, ಅದಕ್ಕೆ ಟಾರ್ಕ್ ರೆಂಚ್ ಬಳಸಿ. ಹೊಸ ಬೋಲ್ಟ್ ಹಾಕಲು ಹೇಳಿದ್ದರೆ ಹೊಸದನ್ನೇ ಹಾಕಿ.

ರಬ್ಬರ್ ಉಬ್ಬಿದ್ದರೆ, ಬಿರಿದಿದ್ದರೆ, ಹಬ್ ಮತ್ತು ಬಳೆಯ ಮೇಲಿನ ಗುರುತು ಗೆರೆಗಳು ಒಂದರ ಮುಂದೊಂದು ಇಲ್ಲದಿದ್ದರೆ, ಡಬ್ಬಿ ತಗ್ಗಿದ್ದರೆ ಅಥವಾ ದ್ರವ ಸೋರಿದ್ದರೆ ಡ್ಯಾಂಪರ್ ಬದಲಿಸಬೇಕು. ಸಿಲಿಕೋನ್ ದ್ರವ ಒಳಗೆ ಹೆಪ್ಪುಗಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಕಂಪನಿ ಹೇಳಿದ ಅವಧಿ ಮುಗಿದಾಗ ಬದಲಿಸುವುದೇ ಸರಿ.

ಹಳೆಯದನ್ನೇ ಹಾಕಿದರೂ ಇಂಜಿನ್ ಚೆನ್ನಾಗಿ ಓಡುತ್ತಿದೆ ಎಂಬುದು ಪುರಾವೆಯಲ್ಲ. ಈ ತಿರುಚಾಟ ಬಹುಪಾಲು ಚಾಲಕರ ಅನುಭವಕ್ಕೆ ಬರುವುದೇ ಇಲ್ಲ. ತೆಂಗಿನ ಸೀಮೆಯ ಕೊಬ್ಬರಿ ಹೊತ್ತು ಉತ್ತರ ಭಾರತಕ್ಕೆ ಹೊರಟ ಲಾರಿಯ ಕ್ರ್ಯಾಂಕ್ ದಾರಿಯಲ್ಲಿ ಮುರಿದರೆ ಬಾಡಿಗೆಯೂ ಹೋಯಿತು, ಇಂಜಿನ್ನೂ ಹೋಯಿತು. ಶಿರಾಡಿ ಘಾಟಿನಂಥ ಇಳಿಜಾರಿನಲ್ಲಿ ಇಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಿನಂತಾಗುತ್ತದೆ, ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ಅಲ್ಲಿ ಪ್ರಶ್ನೆ ದುಡ್ಡಿನದಲ್ಲ, ಜೀವದ್ದು.

ಕೊನೆಯ ದಿನಗಳು

ಲ್ಯಾಂಚೆಸ್ಟರ್ ಕೆಲಸ ಇಂಜಿನ್ನಿಗೆ ನಿಲ್ಲಲಿಲ್ಲ. ವಿಮಾನದ ರೆಕ್ಕೆ ಹೇಗೆ ಮೇಲೆತ್ತುತ್ತದೆ ಎಂಬ ಅವರ ಲೇಖನವನ್ನು 1897ರಲ್ಲಿ ವಿದ್ವತ್ ವಲಯ ಒಪ್ಪಲಿಲ್ಲ. ಆಗ ಮನುಷ್ಯ ವಿಮಾನದಲ್ಲಿ ಹಾರಿಯೇ ಇರಲಿಲ್ಲ. 1907 ಮತ್ತು 1908ರಲ್ಲಿ ಅವರು ಆ ವಿಷಯದ ಮೇಲೆ ಎರಡು ದೊಡ್ಡ ಪುಸ್ತಕ ಹೊರತಂದರು. 1922ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

ಗೌರವ ಬಂತು, ಹಣ ಬರಲಿಲ್ಲ. ಸ್ವಂತವಾಗಿ ಶುರುಮಾಡಿದ ಧ್ವನಿವರ್ಧಕದ ಉದ್ಯಮ ಕೈಹಿಡಿಯಲಿಲ್ಲ. ಇಂಜಿನ್‌ಗಳ ನಡುಕ ನಿಲ್ಲಿಸಲು ಬದುಕು ಸವೆಸಿದವರಿಗೆ ಮುಪ್ಪಿನಲ್ಲಿ ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಬಂತು. ಕಷ್ಟದ ದಿನಗಳಲ್ಲಿ ಉದ್ಯಮದವರ ನೆರವು ಪಡೆಯಬೇಕಾಯಿತು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡರು.

ನಮ್ಮ ತೀರ್ಮಾನ

ಡ್ಯಾಂಪರ್ ಬರೀ ಪುಲ್ಲಿ ಎಂಬುದು ಸುಳ್ಳು. ಸುತ್ತಿಗೆ, ಬೆಂಕಿ ಎರಡೂ ತಪ್ಪು. ಕೆಟ್ಟ ಡ್ಯಾಂಪರ್ ಹಾಕಿಕೊಂಡು ಲಾರಿ ಓಡಿಸುವುದು ಅಪಾಯ. ನಿಮ್ಮ ಗುಂಪಿಗೆ ಆ ಸಲಹೆ ಬಂದರೆ ಮುಂದಕ್ಕೆ ಕಳಿಸಬೇಡಿ, ಬದಲಿಗೆ ಇದನ್ನು ಕಳಿಸಿ. ಲಾರಿ ಓಡಿಸುವವರು, ರಿಪೇರಿ ಮಾಡುವವರು ನಿಮ್ಮ ಮನೆಯಲ್ಲೇ ಇದ್ದರೆ ಮೊದಲು ಅವರಿಗೇ ತೋರಿಸಿ.