ಮತವಿಲ್ಲದ ಕುರ್ಚಿಯಲ್ಲಿ ಮೂವತ್ತು ವರ್ಷ

ಸರ್ಕಾರಿ ಸಮಿತಿಗಳ ಸಭೆಗಳಲ್ಲಿ ಕುಳಿತ ಅನುಭವವುಳ್ಳವರಿಗೆ ವಿಶೇಷ ಆಹ್ವಾನಿತರು ಎಂಬ ವರ್ಗ ಅಪರಿಚಿತವೇನಲ್ಲ. ಅವರಿಗೆ ಕುರ್ಚಿಯುಂಟು, ಕಾಫಿಯುಂಟು, ಅಧ್ಯಕ್ಷರು ಅನುಮತಿಸಿದರೆ ಮಾತನಾಡುವ ಅವಕಾಶವೂ ಉಂಟು. ಆದರೆ ತೀರ್ಮಾನದ ಗಳಿಗೆಯಲ್ಲಿ ಅವರ ಅಭಿಪ್ರಾಯ ಎಣಿಕೆಗೆ ಬರುವುದಿಲ್ಲ. ನಡವಳಿಯಲ್ಲಿ ಅವರ ಹೆಸರು ಕೊನೆಯಲ್ಲಿರುತ್ತದೆ. ಸೇವೆಯಲ್ಲಿದ್ದಾಗ ನಾನು ಆ ಕುರ್ಚಿಯಲ್ಲಿ ಕುಳಿತದ್ದೂ ಉಂಟು, ಅದನ್ನು ಇತರರಿಗೆ ಹಾಕಿಸಿದ್ದೂ ಉಂಟು. ಒಂದು ಇಡೀ ಜನಸಮುದಾಯ ಜಗತ್ತಿನ ಅತಿ ದೊಡ್ಡ ಸಭೆಯಲ್ಲಿ ಅರ್ಧ ಶತಮಾನದಿಂದ ಇದೇ ಬಗೆಯ ಕುರ್ಚಿಯಲ್ಲಿ ಕುಳಿತಿದೆ. ಅದನ್ನು ಗಳಿಸಿಕೊಟ್ಟವರು ಯಾಸಿರ್ ಅರಾಫತ್. ಅವರ ಬದುಕನ್ನು ಬಂದೂಕಿನ ಕಥೆಯಾಗಿ ಹೇಳುವುದು ವಾಡಿಕೆ. ಅದನ್ನು ಈ ಕುರ್ಚಿಯ ಕಥೆಯಾಗಿಯೂ ಓದಬಹುದು.

ಅರಾಫತ್ ಹುಟ್ಟಿದ್ದು 1929ರ ಆಗಸ್ಟ್‌ನಲ್ಲಿ. ತಾವು ಜೆರುಸಲೇಮಿನಲ್ಲಿ ಜನಿಸಿದ್ದಾಗಿ ಅವರು ಹೇಳಿಕೊಳ್ಳುತ್ತಿದ್ದರೂ ಜೀವನಚರಿತ್ರೆಕಾರರು ಬಹುಮಟ್ಟಿಗೆ ಒಪ್ಪಿರುವ ಜನ್ಮಸ್ಥಳ ಕೈರೋ. ತಂದೆ ಗಾಜಾ ಮೂಲದ ವ್ಯಾಪಾರಿ. ತಾಯಿ ಜೆರುಸಲೇಮಿನ ಮನೆತನದವರು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಬಾಲಕ ಕೆಲವು ವರ್ಷ ಜೆರುಸಲೇಮಿನ ಸೋದರಮಾವನ ಮನೆಯಲ್ಲಿ ಬೆಳೆದ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾಗಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಕೈರೋದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ವಿದ್ಯಾರ್ಥಿ ಸಂಘದ ನಾಯಕರಾಗಿ, ಬಳಿಕ ಕುವೈತಿಗೆ ತೆರಳಿ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆದರು. ಕೈತುಂಬ ಸಂಪಾದನೆಯಿದ್ದ ಆ ದಿನಗಳಲ್ಲೇ, 1950ರ ದಶಕದ ಕೊನೆಯಲ್ಲಿ, ಗೆಳೆಯರೊಡಗೂಡಿ ಫತಾಹ್ ಸಂಘಟನೆಯನ್ನು ಕಟ್ಟಿದರು.

ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ, ಅಂದರೆ ಪಿಎಲ್‌ಒ, ಅರಾಫತ್ ಅವರ ಸೃಷ್ಟಿಯಲ್ಲ. ಅದು 1964ರಲ್ಲಿ ಅರಬ್ ಲೀಗ್‌ನ ಆಶ್ರಯದಲ್ಲಿ ಹುಟ್ಟಿತು. ಮೊದಲ ಅಧ್ಯಕ್ಷರು ವಕೀಲ ಹಾಗೂ ರಾಜತಂತ್ರಜ್ಞ ಅಹ್ಮದ್ ಶುಕೈರಿ. 1967ರ ಯುದ್ಧದಲ್ಲಿ ಅರಬ್ ದೇಶಗಳ ಸೇನೆಗಳು ಆರು ದಿನಗಳಲ್ಲಿ ಸೋತಾಗ, ಪ್ಯಾಲೆಸ್ಟೀನಿಯರ ಪರವಾಗಿ ಇತರರೇ ಮಾತನಾಡುವ ಏರ್ಪಾಡಿನ ಮೇಲೆ ಅವರಿಗಿದ್ದ ನಂಬಿಕೆಯೂ ಸೋತಿತು. 1968ರ ಮಾರ್ಚ್‌ನಲ್ಲಿ ಜೋರ್ಡಾನಿನ ಕರಾಮೆಯಲ್ಲಿ ಇಸ್ರೇಲಿ ಪಡೆಯ ಎದುರು ನಡೆದ ಕಾಳಗ ಫತಾಹ್‌ಗೆ ಹೆಸರು ತಂದಿತು. ಮರುವರ್ಷ ಫೆಬ್ರುವರಿಯಲ್ಲಿ ಅರಾಫತ್ ಪಿಎಲ್‌ಒ ಅಧ್ಯಕ್ಷರಾದರು. 1970ರಲ್ಲಿ ಜೋರ್ಡಾನಿನ ದೊರೆಯೊಡನೆ ರಕ್ತಸಿಕ್ತ ಘರ್ಷಣೆ ನಡೆದು ಅವರ ಪಡೆ ಲೆಬನಾನಿಗೆ ಹೋಗಬೇಕಾಯಿತು. 1972ರಲ್ಲಿ ಫತಾಹ್‌ನೊಂದಿಗೆ ನಂಟಿದ್ದ ಗುಂಪೊಂದರ ದಾಳಿಯಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ಗೆ ಬಂದಿದ್ದ 11 ಮಂದಿ ಇಸ್ರೇಲಿಯರು ಸತ್ತರು. ಆ ಕಳಂಕವನ್ನು ಮರೆತು ಈ ಜೀವನವನ್ನು ಬರೆಯುವುದು ಪ್ರಾಮಾಣಿಕವಾಗದು.

ಇಷ್ಟಾದ ಎರಡೇ ವರ್ಷಗಳಲ್ಲಿ ಅರಾಫತ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ವೇದಿಕೆಯ ಮೇಲಿದ್ದರು. 1974ರ ಅಕ್ಟೋಬರ್‌ನಲ್ಲಿ ರಬಾತ್‌ನಲ್ಲಿ ಸೇರಿದ ಅರಬ್ ನಾಯಕರು ಪಿಎಲ್‌ಒ ಅನ್ನು ಪ್ಯಾಲೆಸ್ಟೀನಿಯರ ಏಕೈಕ ನ್ಯಾಯಬದ್ಧ ಪ್ರತಿನಿಧಿಯೆಂದು ಒಪ್ಪಿದರು. ನವೆಂಬರ್ 13ರಂದು, ಅಲ್ಜೀರಿಯಾದ ಬುತೆಫ್ಲಿಕಾ ಅವರು ಅಧ್ಯಕ್ಷರಾಗಿದ್ದ ಮಹಾಸಭೆಯನ್ನುದ್ದೇಶಿಸಿ ಅರಾಫತ್ ಮಾತನಾಡಿದರು. ಶಾಂತಿ ಮತ್ತು ಸಮರ ಎರಡೂ ತಮ್ಮ ಕೈಯಲ್ಲಿವೆ, ಯಾವುದು ಉಳಿಯಬೇಕೆಂಬುದು ಸಭೆಗೆ ಬಿಟ್ಟದ್ದು ಎಂಬುದು ಅವರ ಮಾತಿನ ತಾತ್ಪರ್ಯ. ಪತ್ರಿಕೆಗಳು ಬರೆದದ್ದು ಆ ಭಾಷಣದ ಬಗ್ಗೆ, ಅವರ ಸೊಂಟದ ಪಟ್ಟಿಯ ಬಗ್ಗೆ. ನಿಜವಾದ ಲಾಭ ದಕ್ಕಿದ್ದು ಒಂಬತ್ತು ದಿನಗಳ ಅನಂತರ. ನವೆಂಬರ್ 22ರಂದು 3237ನೆಯ ನಿರ್ಣಯ 95 ಮತಗಳ ಬೆಂಬಲದಿಂದ ಅಂಗೀಕಾರವಾಯಿತು. ವಿರೋಧ 17, ತಟಸ್ಥರು 19. ಪಿಎಲ್‌ಒ ಮಹಾಸಭೆಯ ವೀಕ್ಷಕ ಸ್ಥಾನ ಪಡೆಯಿತು.

ಈ ಒಣ ಪದಗಳ ಹಿಂದಿನ ತೂಕವನ್ನು ಕಡತಗಳನ್ನು ಬಲ್ಲವರು ಅರಿಯಬಲ್ಲರು. ಅಲ್ಲಿಯವರೆಗೆ ಪ್ಯಾಲೆಸ್ಟೀನ್ ಎಂಬುದು ವಿಶ್ವಸಂಸ್ಥೆಯ ಮಟ್ಟಿಗೆ ಬಹುತೇಕ ನಿರಾಶ್ರಿತರ ಕಡತವಾಗಿತ್ತು: ಇಷ್ಟು ಡೇರೆ, ಇಷ್ಟು ಹಿಟ್ಟು, ಇಷ್ಟು ಶಾಲೆ. ಆ ದಿನದಿಂದ ಅದು ರಾಜಕೀಯ ಹಕ್ಕಿನ ಕಡತವಾಯಿತು. ಅರಬ್ ಲೀಗ್ 1976ರಲ್ಲಿ ಪಿಎಲ್‌ಒಗೆ ಪೂರ್ಣ ಸದಸ್ಯತ್ವ ನೀಡಿತು. ಪಶ್ಚಿಮ ಏಷ್ಯಾಕ್ಕಾಗಿ ಇರುವ ವಿಶ್ವಸಂಸ್ಥೆಯ ಆರ್ಥಿಕ ಆಯೋಗವೂ 1977ರಲ್ಲಿ ಅದೇ ಹಾದಿ ಹಿಡಿಯಿತು.

ಭಾರತ 1947ರಲ್ಲಿ ಪ್ಯಾಲೆಸ್ಟೀನ್ ವಿಭಜನೆಯ ವಿರುದ್ಧ ಮತ ಹಾಕಿದ ದೇಶ. ಪಿಎಲ್‌ಒಗೆ ಮನ್ನಣೆ ನೀಡಿದ ಅರಬೇತರ ರಾಷ್ಟ್ರಗಳಲ್ಲಿ ನಮ್ಮದೇ ಮೊದಲನೆಯದು. ದೆಹಲಿಯಲ್ಲಿ 1975ರಲ್ಲಿ ಅದರ ಕಚೇರಿ ತೆರೆಯಿತು. 1980ರಲ್ಲಿ ಪೂರ್ಣ ರಾಜತಾಂತ್ರಿಕ ಸ್ಥಾನ ದೊರೆಯಿತು. 1983ರ ಅಲಿಪ್ತ ಶೃಂಗಸಭೆಯ ಹೊಣೆ ಹೊತ್ತಿದ್ದ ನಟವರ್ ಸಿಂಗ್ ಒಂದು ಪ್ರಸಂಗವನ್ನು ನೆನೆದಿದ್ದಾರೆ. ಜೋರ್ಡಾನಿನ ಪ್ರತಿನಿಧಿಯ ನಂತರ ತಮ್ಮನ್ನು ಮಾತಿಗೆ ಕರೆದರೆಂದು ಮುನಿದ ಅರಾಫತ್ ವಿಮಾನ ಸಿದ್ಧಪಡಿಸಿಕೊಂಡು ಹೊರಡಲನುವಾದರಂತೆ. ಇಂದಿರಾ ಗಾಂಧಿ ನಿಮಗೆ ಅಕ್ಕನಂತಿದ್ದರೆ ತಮ್ಮನ ಹಾಗೆ ನಡೆದುಕೊಳ್ಳಿ ಎಂಬರ್ಥದಲ್ಲಿ ಫಿಡೆಲ್ ಕ್ಯಾಸ್ಟ್ರೊ ಗದರಿಸಿದ ಮೇಲೆ ಶಾಂತರಾದರು. ನಗು ತರಿಸುವ ಸಂಗತಿ ನಿಜ. ಆದರೆ ನೆಲವಿಲ್ಲದವನಿಗೆ ಮಾತಿನ ಸರದಿಯೇ ಗಡಿರೇಖೆ. ಅಲ್ಲಿ ಒಂದು ಸ್ಥಾನ ಹಿಂದೆ ಸರಿಯುವುದೂ ಭೂಮಿ ಕಳೆದುಕೊಂಡಂತೆಯೇ.

1982ರಲ್ಲಿ ಇಸ್ರೇಲಿ ಸೇನೆ ಬೈರೂತನ್ನು ಮುತ್ತಿದಾಗ ಅರಾಫತ್ ದೂರದ ಟ್ಯುನಿಸ್‌ಗೆ ನೆಲೆ ಬದಲಿಸಿದರು. ಕೈಯಲ್ಲಿ ಸೇನೆ ಉಳಿಯಲಿಲ್ಲ, ಕುರ್ಚಿ ಉಳಿಯಿತು. ಅದನ್ನೂ ಕಿತ್ತುಕೊಳ್ಳುವ ಯತ್ನ ನಡೆಯದೇ ಇರಲಿಲ್ಲ. 1987ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನಿನ ಬಲದಿಂದ ಪಿಎಲ್‌ಒದ ನ್ಯೂಯಾರ್ಕ್ ಕಚೇರಿಯನ್ನು ಮುಚ್ಚಿಸಲು ಹೊರಟ ಸರ್ಕಾರಕ್ಕೆ 1988ರಲ್ಲಿ ಅದರದೇ ನ್ಯಾಯಾಲಯ ಅಡ್ಡ ಬಂದಿತು. ಆ ವರ್ಷದ ನವೆಂಬರ್ 15ರಂದು ಅಲ್ಜಿಯರ್ಸ್‌ನಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರದ ಘೋಷಣೆಯಾಯಿತು. ಭಾರತ ಕೆಲವೇ ದಿನಗಳಲ್ಲಿ ಅದನ್ನು ಮಾನ್ಯ ಮಾಡಿತು. ಅಮೆರಿಕ ಅರಾಫತ್‌ಗೆ ವೀಸಾ ನಿರಾಕರಿಸಿತು. ಆಗ ಮಹಾಸಭೆ 154 ಮತಗಳ ಬೆಂಬಲದಿಂದ ತನ್ನ ಚರ್ಚೆಯನ್ನೇ ಜಿನೀವಾಕ್ಕೆ ಸ್ಥಳಾಂತರಿಸಿ ಅವರ ಮಾತು ಕೇಳಿತು. ಅದೇ ಡಿಸೆಂಬರ್‌ನಲ್ಲಿ ಪಿಎಲ್‌ಒ ಎಂಬ ನಾಮಫಲಕದ ಬದಲು ಪ್ಯಾಲೆಸ್ಟೀನ್ ಎಂಬ ಫಲಕ ಬಂದಿತು.

ಏರಿದ ಎತ್ತರದಿಂದ ಇಳಿಯಲು ಅವರಿಗೆ ಎರಡೇ ವರ್ಷ ಸಾಕಾಯಿತು. 1990ರಲ್ಲಿ ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿದಾಗ ಅರಾಫತ್ ಇರಾಕಿನ ಕಡೆಗೆ ವಾಲಿದರು. ಕೊಲ್ಲಿ ರಾಷ್ಟ್ರಗಳ ಧನಸಹಾಯ ನಿಂತಿತು. ಕುವೈತಿನಲ್ಲಿ ಬದುಕು ಕಟ್ಟಿಕೊಂಡಿದ್ದ ಲಕ್ಷಾಂತರ ಪ್ಯಾಲೆಸ್ಟೀನಿಯರು ಬೀದಿಪಾಲಾದರು. 1991ರ ಮ್ಯಾಡ್ರಿಡ್ ಸಮ್ಮೇಳನಕ್ಕೆ ಪಿಎಲ್‌ಒಗೆ ಆಹ್ವಾನವಿರಲಿಲ್ಲ. ಪ್ಯಾಲೆಸ್ಟೀನಿಯರು ಜೋರ್ಡಾನಿನೊಡನೆ ಜಂಟಿ ನಿಯೋಗದಲ್ಲಿ ಕೂರಬೇಕಾಯಿತು. ಈ ಮೂಲೆಗುಂಪಿನಿಂದ ಹೊರಬರುವ ಆತುರದಲ್ಲೇ ಅವರು ಓಸ್ಲೊ ಒಪ್ಪಂದಕ್ಕೆ ಕೈಹಾಕಿದರೆನ್ನಬೇಕು. 1993ರ ಸೆಪ್ಟೆಂಬರ್‌ನಲ್ಲಿ ಇಸ್ರೇಲ್ ಪಿಎಲ್‌ಒ ಅನ್ನು ಪ್ರತಿನಿಧಿಯೆಂದು ಒಪ್ಪಿತು. ಪಿಎಲ್‌ಒ ಇಸ್ರೇಲನ್ನು ರಾಷ್ಟ್ರವೆಂದು ಒಪ್ಪಿತು. ಈ ಎರಡು ಒಪ್ಪಿಗೆಗಳು ಸಮತೂಕದವಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ನೋವುಂಟುಮಾಡುವುದು 1994ರ ಪ್ಯಾರಿಸ್ ಆರ್ಥಿಕ ಒಪ್ಪಂದ. ಪ್ಯಾಲೆಸ್ಟೀನ್ ಪ್ರಾಧಿಕಾರಕ್ಕೆ ಸ್ವಂತ ನಾಣ್ಯವಿಲ್ಲ. ಆಮದಿನ ಮೇಲಿನ ಸುಂಕವನ್ನು ವಸೂಲು ಮಾಡಿ ತಿಂಗಳು ತಿಂಗಳು ಹಸ್ತಾಂತರಿಸುವುದು ಇಸ್ರೇಲ್. ಕೊಡುವ ಕೈ ಮುನಿದಾಗಲೆಲ್ಲ ಶಾಲಾ ಶಿಕ್ಷಕರ ಸಂಬಳ ನಿಂತಿದೆ. ಧ್ವಜ, ನಾಮಫಲಕ, ಮಾತಿನ ಸರದಿಗಳ ಬಗ್ಗೆ ಅಷ್ಟು ಜಾಗರೂಕರಾಗಿದ್ದ ನಾಯಕರು ಬೊಕ್ಕಸದ ಬೀಗದ ಕೈಯನ್ನು ಎದುರಾಳಿಯ ಬಳಿಯೇ ಉಳಿಯಗೊಟ್ಟರು. ತಮ್ಮ ಕೈಗೆ ಬಂದ ಹಣದ ಲೆಕ್ಕವನ್ನೂ ಅವರು ಪಾರದರ್ಶಕವಾಗಿ ಇಡಲಿಲ್ಲ. 1996ರಲ್ಲಿ ಚುನಾಯಿತ ಅಧ್ಯಕ್ಷರಾದ ಮೇಲೂ ಅವರ ಆಡಳಿತ ಏಕವ್ಯಕ್ತಿಯ ಆಡಳಿತವಾಗಿಯೇ ಉಳಿಯಿತು.

2000ದಲ್ಲಿ ಕ್ಯಾಂಪ್ ಡೇವಿಡ್ ಮಾತುಕತೆ ಮುರಿದುಬಿತ್ತು, ಎರಡನೆಯ ಇಂತಿಫಾದಾ ಹೊತ್ತಿಕೊಂಡಿತು. ಕೊನೆಯ ವರ್ಷಗಳನ್ನು ಅವರು ರಮಲ್ಲಾದ ಅರ್ಧ ಕುಸಿದ ಕಚೇರಿಯಲ್ಲಿ ದಿಗ್ಬಂಧಿತರಂತೆ ಕಳೆದರು. 2004ರ ನವೆಂಬರ್ 11ರಂದು ಫ್ರಾನ್ಸಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೆರುಸಲೇಮಿನಲ್ಲಿ ಮಣ್ಣಾಗಬೇಕೆಂಬ ಆಸೆ ಈಡೇರಲಿಲ್ಲ, ಸಮಾಧಿ ರಮಲ್ಲಾದಲ್ಲಿದೆ.

ಕುರ್ಚಿಯ ಕಥೆ ಅವರೊಂದಿಗೆ ಮುಗಿಯಲಿಲ್ಲ. 2012ರಲ್ಲಿ 138 ಮತಗಳ ಬೆಂಬಲದೊಂದಿಗೆ ಪ್ಯಾಲೆಸ್ಟೀನ್ ಸದಸ್ಯತ್ವವಿಲ್ಲದ ವೀಕ್ಷಕ ರಾಷ್ಟ್ರವಾಯಿತು. 2024ರ ಏಪ್ರಿಲ್‌ನಲ್ಲಿ ಪೂರ್ಣ ಸದಸ್ಯತ್ವದ ಪ್ರಸ್ತಾವಕ್ಕೆ ಭದ್ರತಾ ಮಂಡಳಿಯ 12 ರಾಷ್ಟ್ರಗಳು ಒಪ್ಪಿದರೂ ಅಮೆರಿಕ ವಿಟೊ ಚಲಾಯಿಸಿತು. ಮರುತಿಂಗಳು ಮಹಾಸಭೆ, ಸದಸ್ಯರ ನಡುವೆ ಅಕಾರಾದಿಯಾಗಿ ಕೂರುವ ಹಕ್ಕನ್ನು ಕೊಟ್ಟಿತು, ಮತದ ಹಕ್ಕನ್ನಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್ ಮುಂತಾದ ದೇಶಗಳು ಮಾನ್ಯತೆ ಘೋಷಿಸಿದ ವಾರದಲ್ಲೇ ಅರಾಫತ್ ಉತ್ತರಾಧಿಕಾರಿ ಮಹಮೂದ್ ಅಬ್ಬಾಸ್ ಅವರಿಗೆ ಅಮೆರಿಕದ ವೀಸಾ ಸಿಗದೆ, ಅವರು ವಿಡಿಯೊ ಮೂಲಕ ಮಾತನಾಡಬೇಕಾಯಿತು. 1988ರಲ್ಲಿ ಸಭೆಯೇ ಎದ್ದು ಜಿನೀವಾಕ್ಕೆ ಹೋಗಿತ್ತು.

ನಮೀಬಿಯಾದ ಸ್ವಾಪೊ ಸಂಘಟನೆಗೂ 1976ರಲ್ಲಿ ಇಂಥದೇ ವೀಕ್ಷಕ ಸ್ಥಾನ ದೊರಕಿತ್ತು. 1990ರಲ್ಲಿ ನಮೀಬಿಯಾ ಸ್ವತಂತ್ರ ಸದಸ್ಯ ರಾಷ್ಟ್ರವಾಯಿತು. ಅವರಿಗೆ ಮೆಟ್ಟಿಲಾದದ್ದು ಪ್ಯಾಲೆಸ್ಟೀನಿಯರಿಗೆ ಕಾಯುವ ಕೊಠಡಿಯಾಯಿತು. ಇದರ ಹೊಣೆ ಅರಾಫತ್ ಒಬ್ಬರದಲ್ಲ. ನೆಲದ ಮೇಲಿನ ಬಲಾಬಲ, ವಿಟೊ ಅಧಿಕಾರ, ಅರಬ್ ದೊರೆಗಳ ಲೆಕ್ಕಾಚಾರ ಎಲ್ಲಕ್ಕೂ ಪಾಲಿದೆ. ಆದರೂ ಸಭಾಂಗಣದ ಮನ್ನಣೆಯನ್ನು ರಾಜ್ಯಾಧಿಕಾರವೆಂದು ಭಾವಿಸುವ ಅಪಾಯಕ್ಕೆ ಅವರ ಬದುಕು ಪಾಠವಾಗಿದೆ. ಅಷ್ಟೇ ಸತ್ಯವಾದದ್ದು ಇನ್ನೊಂದು: ಆ ಕುರ್ಚಿ ಖಾಲಿಯಾಗಿದ್ದರೆ ಈ ಕಡತ ಎಂದೋ ಮುಕ್ತಾಯಗೊಂಡು ದಾಖಲೆ ಕೊಠಡಿ ಸೇರಿರುತ್ತಿತ್ತು. ಅದು ಇನ್ನೂ ಮೇಜಿನ ಮೇಲಿದೆ. ಅದಕ್ಕೆ ಕಾರಣರಾದವರಲ್ಲಿ ಮೊದಲ ಹೆಸರು ಅರಾಫತ್ ಅವರದೇ.