ಲೆಕ್ಕ ಹಾಕಿ ಹೃದಯವನ್ನು ಅರಿತವನು

ಕಳೆದ ತಿಂಗಳು ಅಪ್ಪ ಗದಗದಿಂದ ಪುಣೆಗೆ ಬಂದಿದ್ದರು. ಎಕೋ ಮಾಡಿಸಿದಾಗ ಹೃದಯದ ಒಂದು ಕವಾಟ ಸೋರುತ್ತಿದೆ, ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ. ಎಪ್ಪತ್ತು ವರ್ಷ ನಡೆದದ್ದನ್ನು ಈಗೇಕೆ ಬಿಚ್ಚಬೇಕು ಎಂಬುದು ಅವರ ಹಟ. ಸದಾಶಿವ ಪೇಠದ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿದ್ದ ಒಂದು ಮಧ್ಯಾಹ್ನ, ವಾದ ಬಿಟ್ಟು ಅವರಿಗೆ ವಿಲಿಯಂ ಹಾರ್ವೆಯ ಕಥೆ ಹೇಳಿದೆ.

ಹಾರ್ವೆ ಹುಟ್ಟಿದ್ದು 1578ರ ಏಪ್ರಿಲ್ 1ರಂದು, ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲ ತೀರದ ಊರಿನಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ನಮ್ಮ ಹಾಗೆಯೇ ಊರು ಬಿಟ್ಟು, ವೈದ್ಯ ಕಲಿಯಲು ಇಟಲಿಯ ಪಡುವಾಕ್ಕೆ ಹೋದ. ಅಲ್ಲಿ ಗುರು ಫ್ಯಾಬ್ರಿಸಿಯಸ್ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ಕಂಡಿದ್ದ. ಆದರೆ ಅವುಗಳ ಕೆಲಸವೇನೆಂದು ಅವನಿಗೆ ಸರಿಯಾಗಿ ಹೊಳೆದಿರಲಿಲ್ಲ. 1602ರಲ್ಲಿ ಪದವಿ ಪಡೆದ ಹಾರ್ವೆ ಲಂಡನ್ನಿಗೆ ಮರಳಿ, 1609ರಲ್ಲಿ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾದ. ಮುಂದೆ ಇಬ್ಬರು ದೊರೆಗಳಿಗೂ ವೈದ್ಯನಾದ.

ಆಗ ನಡೆಯುತ್ತಿದ್ದದ್ದು 1,400 ವರ್ಷ ಹಳೆಯ ಗ್ಯಾಲೆನ್‌ನ ಮಾತು. ಉಂಡ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಅದು ಅಂಗಗಳಿಗೆ ಹರಿದು ಅಲ್ಲೇ ಖರ್ಚಾಗುತ್ತದೆ. ಅಪ್ಪನಿಗೆ ನಮ್ಮ ಪೇಠದ ಹೌದದ ಉದಾಹರಣೆ ಕೊಟ್ಟೆ. ಪೇಶ್ವೆಗಳ ಕಾಲದಲ್ಲಿ ಕಾತ್ರಜ್ ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ಪುಣೆಯ ಹೌದಗಳಿಗೆ ನೀರು ಇಳಿದು ಬರುತ್ತಿತ್ತು. ಬಂದ ನೀರು ಬಳಕೆಯಾಗಿ ಹೋಗುತ್ತಿತ್ತು, ತಿರುಗಿ ಕೆರೆಗೆ ಹೋಗುತ್ತಿರಲಿಲ್ಲ. ರಕ್ತವೂ ಹಾಗೇ ಎಂದು ಜನ ನಂಬಿದ್ದರು.

ಹಾರ್ವೆ ಮಾಡಿದ್ದು ಸಾದಾ ಗುಣಾಕಾರ. ಒಂದು ಬಡಿತಕ್ಕೆ ಹೊರಬೀಳುವ ರಕ್ತವನ್ನು ಎಷ್ಟೇ ಕಡಿಮೆ ಹಿಡಿದರೂ, ಅರ್ಧ ಗಂಟೆಯಲ್ಲಿ ಅದು ಮೈಯಲ್ಲಿರುವ ಒಟ್ಟು ರಕ್ತವನ್ನೇ ಮೀರುತ್ತಿತ್ತು. ಇಂದಿನ ಲೆಕ್ಕದಲ್ಲಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 70 ಬಡಿತ. ಅಂದರೆ ಗಂಟೆಗೆ ಸುಮಾರು 300 ಲೀಟರ್. ಯಾರೂ ಅಷ್ಟು ಉಣ್ಣಲಾರರು. ಹಾಗಾದರೆ ಅದೇ ರಕ್ತ ಸುತ್ತಿ ಬರುತ್ತಿರಬೇಕು. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಎಡಭಾಗಕ್ಕೆ, ಎಡ ಹೃತ್ಕುಕ್ಷಿಯಿಂದ ಮೈಗೆಲ್ಲ, ಮತ್ತೆ ಅಭಿಧಮನಿಗಳ ಮೂಲಕ ಬಲಕ್ಕೆ. ಹಿಂದಕ್ಕೆ ಹೋಗದಂತೆ ತಡೆಯುವುದೇ ಕವಾಟಗಳ ಕೆಲಸ.

ಹಾರ್ವೆಯ ಪ್ರಯೋಗವನ್ನು ಅಪ್ಪನ ತೋಳಿನ ಮೇಲೇ ಮಾಡಿದೆ. ಟವೆಲ್ ಬಿಗಿದು, ಉಬ್ಬಿದ ನರವನ್ನು ಕೆಳಗೆ ಒಂದು ಬೆರಳಿನಿಂದ ಒತ್ತಿ, ಇನ್ನೊಂದರಿಂದ ರಕ್ತವನ್ನು ಮೇಲಕ್ಕೆ ಸವರಿದೆ. ನರ ಖಾಲಿಯಾಗಿಯೇ ಉಳಿಯಿತು. ಕೆಳಗಿನ ಬೆರಳು ತೆಗೆದೊಡನೆ ತುಂಬಿತು. ಅಪ್ಪ ತಾವೇ ಇನ್ನೆರಡು ಸಲ ಮಾಡಿ ನೋಡಿದರು.

ಹಾರ್ವೆ ತನ್ನ 72 ಪುಟಗಳ ಲ್ಯಾಟಿನ್ ಪುಸ್ತಕವನ್ನು ಅಚ್ಚು ಹಾಕಿಸಿದ್ದು 1628ರಲ್ಲಿ, ಐವತ್ತನೇ ವಯಸ್ಸಿನಲ್ಲಿ. ಪ್ಯಾರಿಸ್ಸಿನ ರಿಯೊಲಾನ್‌ನಂಥ ಪಂಡಿತರು ವಿರೋಧಿಸಿದರು. ಅವನ ಬಳಿ ಬರುವ ರೋಗಿಗಳೂ ಕಡಿಮೆಯಾದರಂತೆ. 1642ರ ಅಂತರ್ಯುದ್ಧದಲ್ಲಿ ಸೈನಿಕರು ಅವನ ಮನೆ ಲೂಟಿ ಮಾಡಿ, ವರ್ಷಗಳ ಟಿಪ್ಪಣಿಗಳು ಹಾಳಾದವು. 1657ರ ಜೂನ್ 3ರಂದು ತೀರಿಕೊಂಡ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿಯನ್ನು ಅವನು ಕಣ್ಣಾರೆ ಕಾಣಲೇ ಇಲ್ಲ. ನಾಲ್ಕು ವರ್ಷಗಳ ನಂತರ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿದಾಗ ಲೋಮನಾಳಗಳು ಕಂಡವು. ಕೋಡ್‌ನಲ್ಲಿ ಕಾಣದ ದೋಷವನ್ನು ಅಂಕಿಗಳಿಂದಲೇ ಹಿಡಿಯುವ ಕೆಲಸ ನನ್ನದು. ಕಾಣದ್ದನ್ನೂ ಲೆಕ್ಕದ ಬಲದ ಮೇಲೆ ಧೈರ್ಯವಾಗಿ ಹೇಳಿದ ಹಾರ್ವೆ ಅದಕ್ಕೇ ನನಗೆ ಹತ್ತಿರ.

ಕೊನೆಗೆ ಅಪ್ಪ ಕೇಳಿದ್ದು ಒಂದೇ: ಕವಾಟ ಸೋರಿದರೆ ಏನಾಗುತ್ತದೆ? ಪ್ರತಿ ಬಡಿತದಲ್ಲೂ ಒಂದು ಪಾಲು ರಕ್ತ ಹಿಂದಕ್ಕೆ ಹೋಗುತ್ತದೆ, ಹೃದಯ ಅದನ್ನೇ ಮತ್ತೆ ತಳ್ಳಬೇಕು, ತಳ್ಳಿ ತಳ್ಳಿ ಹಿಗ್ಗಿ ದಣಿಯುತ್ತದೆ ಎಂದೆ. ದಿನಕ್ಕೆ ಲಕ್ಷ ಬಡಿತ ಎಂದು ಅವರೇ ಲೆಕ್ಕ ಹಾಕಿಕೊಂಡು ಸುಮ್ಮನಾದರು.

ಮುಂದಿನ ವಾರ ಆಪರೇಷನ್. ಒಪ್ಪಿದ್ದು ಹಾರ್ವೆಯ ಲೆಕ್ಕಕ್ಕೋ ಅವ್ವನ ಗದರಿಕೆಗೋ, ನಾನು ಕೇಳಿಲ್ಲ.